ಸೈಕಲ್ ತಯಾರಕರ ವೆಬ್‌ಸೈಟ್: ವಿಡಿಯೊ ಚೆನ್ನಾಗಿದ್ದರೂ ಜನ ಫೋನ್ ಮಾಡಿ ಸೈಜು ಕೇಳುವುದೇಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಸೈಕಲ್ ಘಟಕ. ಫ್ರೇಮ್ ನಾವೇ ವೆಲ್ಡ್ ಮಾಡಿ ಬಣ್ಣ ಹಾಕುತ್ತೇವೆ. ಗೇರು, ಬ್ರೇಕು, ಟೈರುಗಳನ್ನು ಹೊರಗಿನಿಂದ ತರಿಸಿ ಜೋಡಿಸುತ್ತೇವೆ. ಒಟ್ಟು ಆರು ಮಾದರಿ: ಎರಡು ಹೈಬ್ರಿಡ್ (ಊರೊಳಗಿನ ದಿನನಿತ್ಯದ ಓಡಾಟಕ್ಕೆ), ಒಂದು ಎಂಟಿಬಿ (ಮಣ್ಣಿನ ದಾರಿಯ ಮೌಂಟನ್ ಬೈಕ್), ಒಂದು ಲೇಡೀಸ್ ಸೈಕಲ್, ಎರಡು ಮಕ್ಕಳವು. ಎರಡು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಸಿದೆವು. ತೆರೆದ ಕೂಡಲೇ ಬೆಟ್ಟದ ರಸ್ತೆಯಲ್ಲಿ ಸೈಕಲ್ ಓಡುವ ವಿಡಿಯೊ ಬರುತ್ತದೆ, ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಬಂದವರಲ್ಲಿ ಹೆಚ್ಚಿನವರು ಮೊದಲ ಪುಟದಿಂದಲೇ ವಾಪಸ್ ಹೋಗುತ್ತಾರೆ. ಉಳಿದವರು ವಾಟ್ಸ್‌ಆ್ಯಪ್‌ನಲ್ಲಿ ‘ನನ್ನ ಹೈಟ್‌ಗೆ ಯಾವುದು ಸರಿ?’, ‘ರೇಟ್ ಎಷ್ಟು?’, ‘ಹಾಸನದಲ್ಲಿ ಸಿಗುತ್ತಾ?’ ಎಂದು ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಮಾರಿದವು ವಾಪಸ್ ಬಂದರೆ ಬಹುತೇಕ ಸೈಜು ಸರಿಹೋಗದೆ ಬರುತ್ತವೆ. ಈಗ ಏಜೆನ್ಸಿಯವರು ತ್ರೀಡಿಯಲ್ಲಿ ಸೈಕಲ್ ತಿರುಗಿಸಿ ಬಣ್ಣ ಆರಿಸುವ ಸೌಲಭ್ಯ, ಜೊತೆಗೊಂದು ಆ್ಯಪ್ ಮಾಡೋಣ ಅನ್ನುತ್ತಿದ್ದಾರೆ. ಮಾಡಿಸಬೇಕೆ? ಇಲ್ಲದಿದ್ದರೆ ಮೊದಲು ಏನನ್ನು ಸರಿ ಮಾಡಬೇಕು?

ಉತ್ತರ: ನೋಡಲು ಚೆನ್ನಾಗಿರುವ ಸೈಟು ವ್ಯಾಪಾರಕ್ಕೆ ಒದಗುತ್ತಿಲ್ಲ, ಇನ್ನಷ್ಟು ಚೆನ್ನಾಗಿ ಕಾಣುವಂತೆ ಮಾಡಿದರೆ ಒದಗೀತೇ ಎಂಬುದು ನಿಮ್ಮ ಪ್ರಶ್ನೆ. ಒದಗುವುದಿಲ್ಲ. ವಾಟ್ಸ್‌ಆ್ಯಪ್‌ಗೆ ಬರುತ್ತಿರುವ ಆ ಮೂರು ಪ್ರಶ್ನೆಗಳಿಗೆ ನಿಮ್ಮ ಸೈಟಿನಲ್ಲಿ ಉತ್ತರವಿಲ್ಲ. ಜನ ಹಿಂದಿರುಗುವುದಕ್ಕೂ ಸೈಕಲ್ ಹಿಂದಿರುಗುವುದಕ್ಕೂ ಅದೇ ಕಾರಣ. ಇವುಗಳ ಹಿಂದೆ ನಾಲ್ಕನೆಯದೊಂದಿದೆ, ಕೊಳ್ಳುವವರು ಅದನ್ನು ನಿಮ್ಮನ್ನು ಕೇಳುವುದಿಲ್ಲ, ಮನೆಯಲ್ಲಿ ಮಾತಾಡಿಕೊಳ್ಳುತ್ತಾರೆ: ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಪಾರ್ಟು ಎಲ್ಲಿ ಸಿಗುತ್ತದೆ? ತ್ರೀಡಿಯಾಗಲಿ ಆ್ಯಪ್ ಆಗಲಿ ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಎರಡನ್ನೂ ಸದ್ಯಕ್ಕೆ ಬಿಡಿ.

ಮೊದಲು ಕೆಲವು ತಪ್ಪು ನಂಬಿಕೆಗಳು

ಬೆಲೆ ಹಾಕದಿದ್ದರೆ ಗ್ರಾಹಕ ಫೋನ್ ಮಾಡುತ್ತಾನೆ, ಆಗ ಮಾತಾಡಿ ಒಪ್ಪಿಸಬಹುದು ಎಂಬ ನಂಬಿಕೆ ಈ ವ್ಯಾಪಾರದಲ್ಲಿ ಬಲವಾಗಿದೆ. ಫೋನ್ ಮಾಡುವವರು ನಿಮಗೆ ಕಾಣುತ್ತಾರೆ. ಬೆಲೆ ಕಾಣದೆ ಇನ್ನೊಂದು ಸೈಟಿಗೆ ಹೋದವರು ಕಾಣುವುದಿಲ್ಲ. ಹಾಗಾಗಿ ಈ ನಂಬಿಕೆ ತಪ್ಪೆಂದು ಗೊತ್ತಾಗುವುದೇ ಇಲ್ಲ. ಡೀಲರುಗಳು ಬೇರೆ ಬೇರೆ ಬೆಲೆಗೆ ಮಾರುತ್ತಾರೆ ಎಂಬ ಕಷ್ಟ ನಿಜ. ಆದರೂ ಎಂಆರ್‌ಪಿ ಹಾಕಿ, ‘ಅಂಗಡಿಯಲ್ಲಿ ಬೆಲೆ ಇದಕ್ಕಿಂತ ಕಡಿಮೆ ಇರಬಹುದು’ ಎಂದು ಒಂದು ಸಾಲು ಬರೆದರೆ ಸಾಕು. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ಪಿಡಿಎಫ್ ಕ್ಯಾಟಲಾಗು ಸೈಟಿನಲ್ಲಿ ಉಳಿದಿದ್ದರೆ ಅದರ ಬೆಲೆಪಟ್ಟಿ ಈಗ ಸುಳ್ಳು ಹೇಳುತ್ತಿರುತ್ತದೆ, ತೆಗೆದುಹಾಕಿ.

ತಾಂತ್ರಿಕ ವಿವರ ಹೆಚ್ಚಾದರೆ ಜನ ಹೆದರುತ್ತಾರೆ ಎಂಬುದು ಎರಡನೆಯ ನಂಬಿಕೆ. ವಿವರ ಯಾರನ್ನೂ ಹೆದರಿಸುವುದಿಲ್ಲ, ಒಂದೇ ಕಡೆ ರಾಶಿ ಹಾಕಿದ ವಿವರ ಹೆದರಿಸುತ್ತದೆ. ಮೇಲೆ ಸರಳ ಮಾತಿನಲ್ಲಿ ನಾಲ್ಕು ಸಾಲು, ಕೆಳಗೆ ತೆರೆದು ನೋಡುವ ಪೂರ್ತಿ ಪಟ್ಟಿ ಇದ್ದರೆ ಮಗಳಿಗೆ ಸೈಕಲ್ ಹುಡುಕುವ ತಾಯಿಗೂ ಅನುಕೂಲ, ಹಿಂಚಕ್ರದ ನಡುವಿನ ಹಬ್ಬಿನ ಅಗಲ ಕೇಳುವ ಮೆಕ್ಯಾನಿಕ್‌ಗೂ ಅನುಕೂಲ.

ಎಲ್ಲವೂ ಮೂರು ಕ್ಲಿಕ್ಕಿನೊಳಗೆ ಸಿಗಬೇಕು ಎಂಬ ಮಾತನ್ನು ಏಜೆನ್ಸಿಗಳು ಬಹಳ ಹೇಳುತ್ತವೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಮುಂದಿನ ಗುಂಡಿ ಒತ್ತಿದರೆ ಏನು ಸಿಗುತ್ತದೆ ಎಂಬುದು ಮೊದಲೇ ತಿಳಿಯುವಂತಿದ್ದರೆ ಜನ ಐದು ಸಲವೂ ಒತ್ತುತ್ತಾರೆ. ತಿಳಿಯದಿದ್ದರೆ ಮೊದಲನೆಯದರಲ್ಲೇ ನಿಲ್ಲುತ್ತಾರೆ. ಮೆನುವಿನಲ್ಲಿ ಬರೀ ಮಾದರಿಯ ಹೆಸರುಗಳಿದ್ದರೆ ಹೊಸಬರಿಗೆ ಅದರಿಂದ ಏನೂ ತಿಳಿಯದು. ‘ಊರೊಳಗೆ ದಿನನಿತ್ಯಕ್ಕೆ’, ‘ಮಣ್ಣಿನ ದಾರಿಗೆ’, ‘ಲೇಡೀಸ್ ಸೈಕಲ್’, ‘ಮಕ್ಕಳಿಗೆ’ ಎಂದು ಬರೆದು ಅದರಡಿ ಮಾದರಿಯ ಹೆಸರು ಹಾಕಿ. ಆರೇ ಮಾದರಿಗಳಿಗೆ ಫಿಲ್ಟರು, ಹುಡುಕುಪೆಟ್ಟಿಗೆ ಏನೂ ಬೇಡ.

ಸೈಜು: ನಿಮ್ಮ ಸೈಟಿನ ಮುಖ್ಯ ಕೆಲಸ ಇದೇ

ಇಲ್ಲಿ ತಪ್ಪಿದರೆ ಎಷ್ಟು ನಷ್ಟವೆಂದು ಮೊದಲು ಲೆಕ್ಕ ಹಾಕಿ. ಕೊರಿಯರಿನವರು ಸೈಕಲ್ ಪೆಟ್ಟಿಗೆಯನ್ನು ಬರೀ ತೂಕ ನೋಡಿ ಒಯ್ಯುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ತೂಕ ಕಟ್ಟುತ್ತಾರೆ. 140 × 22 × 76 ಸೆಂ.ಮೀ. ಪೆಟ್ಟಿಗೆಗೆ ಅದು ಸುಮಾರು 47 ಕಿಲೊ ಆಗುತ್ತದೆ, ಒಳಗಿರುವ ಸೈಕಲ್ 16 ಕಿಲೊ ಇದ್ದರೂ. ಸೈಜು ತಪ್ಪಿ ವಾಪಸಾದರೆ ಈ ಬಾಡಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಬದಲಿ ಕಳಿಸುವಾಗ ಇನ್ನೊಮ್ಮೆ ಬೀಳುತ್ತದೆ. ಬಣ್ಣಕ್ಕೆ ಗೀರು ಬಿದ್ದರೆ ಆ ಸೈಕಲ್ಲನ್ನು ಹೊಸದೆಂದು ಮಾರುವಂತೆಯೂ ಇಲ್ಲ.

ಬಹುತೇಕ ತಯಾರಕರ ಸೈಟಿನಲ್ಲಿರುವುದು ಒಂದೇ ಕೋಷ್ಟಕ: 5 ಅಡಿ 2 ಇಂಚಿನಿಂದ 5 ಅಡಿ 6 ಇಂಚಿನವರಿಗೆ 16 ಇಂಚಿನ ಫ್ರೇಮ್, ಅದರ ಮೇಲಿನವರಿಗೆ 18. ಇದು ಸಾಲದು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ ಇರುತ್ತದೆ. ಸೈಕಲ್ ನಿಲ್ಲಿಸಿ ಎರಡೂ ಕಾಲು ನೆಲಕ್ಕೂರಿದಾಗ ಮೇಲಿನ ಅಡ್ಡ ಪೈಪು ತಾಗುತ್ತದೋ ಇಲ್ಲವೋ ಎಂಬುದನ್ನು ಕಾಲಿನ ಒಳ ಅಳತೆಯೇ ಹೇಳಬೇಕು. ಅದನ್ನು ತೆಗೆಯುವ ಬಗೆಯನ್ನು ನಿಮ್ಮ ಪುಟದಲ್ಲಿ ಚಿತ್ರ ಸಮೇತ ಹೀಗೆ ಬರೆಯಿರಿ: ಚಪ್ಪಲಿ ಬಿಚ್ಚಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಎರಡು ಕಾಲಿನ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ, ಪುಸ್ತಕದ ಬೆನ್ನು ಗೋಡೆಗೆ ತಾಗಿರಲಿ. ಪುಸ್ತಕದ ಮೇಲಂಚಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ನೆಲದಿಂದ ಅಲ್ಲಿಗೆ ಟೇಪು ಹಿಡಿಯಿರಿ. ಇನ್ನೊಬ್ಬರು ಗುರುತು ಹಾಕಿದರೆ ಅಳತೆ ಸರಿಯಾಗಿ ಬರುತ್ತದೆ.

ನೀವು ಕೊಡಬೇಕಾದದ್ದು ಪ್ರತಿ ಸೈಜಿನ ಅಡ್ಡ ಪೈಪಿನ ಎತ್ತರ. ನೆಲದಿಂದ, ಟೈರಿಗೆ ಗಾಳಿ ತುಂಬಿ, ಸೆಂಟಿಮೀಟರಿನಲ್ಲಿ. ಹೈಬ್ರಿಡ್‌ಗೆ ಕಾಲಿನ ಒಳ ಅಳತೆಗೂ ಪೈಪಿಗೂ ನಡುವೆ ಎರಡು–ಮೂರು ಸೆಂ.ಮೀ. ಬಿಡುವು ಸಾಕು. ಎಂಟಿಬಿಗೆ ಐದಾದರೂ ಇರಲಿ, ಏಕೆಂದರೆ ಕಲ್ಲುಮಣ್ಣಿನ ದಾರಿಯಲ್ಲಿ ಇಳಿಯುವುದು ಯಾವಾಗಲೂ ಅನಿರೀಕ್ಷಿತ. ಉದಾಹರಣೆಗೆ, 5 ಅಡಿ 4 ಇಂಚಿನವರೊಬ್ಬರ ಒಳ ಅಳತೆ 74 ಸೆಂ.ಮೀ. ಇರಲಿ. ನಿಮ್ಮ 16 ಇಂಚಿನ ಹೈಬ್ರಿಡ್‌ನ ಪೈಪು 70ರಲ್ಲಿದ್ದರೆ ನಾಲ್ಕು ಸೆಂ.ಮೀ. ಉಳಿಯುತ್ತದೆ. 18 ಇಂಚಿನದು 75ರಲ್ಲಿದ್ದರೆ ಅವರು ಅದರ ಮೇಲೆ ನೆಮ್ಮದಿಯಾಗಿ ನಿಲ್ಲಲಾರರು. ಎತ್ತರದ ಕೋಷ್ಟಕವೊಂದನ್ನೇ ನೋಡಿ ‘ಸ್ವಲ್ಪ ದೊಡ್ಡದೇ ಇರಲಿ’ ಎಂದು 18 ತೆಗೆದುಕೊಳ್ಳುವವರು ಇಂಥವರೇ.

ಇದಕ್ಕೆ ದೊಡ್ಡ ತಂತ್ರಾಂಶ ಬೇಡ. ಎರಡು ಚೌಕಗಳಿರಲಿ: ಎತ್ತರ, ಕಾಲಿನ ಒಳ ಅಳತೆ. ಎತ್ತರವನ್ನು ಅಡಿ–ಇಂಚಿನಲ್ಲೂ ಸೆಂಟಿಮೀಟರಿನಲ್ಲೂ ಹಾಕುವಂತಿರಲಿ, ನಮ್ಮಲ್ಲಿ ಎತ್ತರ ಹೇಳುವುದು ಅಡಿಯಲ್ಲೇ. ಉತ್ತರ ಒಂದು ಸೈಜಾಗಿರಲಿ, ಜೊತೆಗೆ ಕಾರಣವೂ ಇರಲಿ: ‘16 ಇಂಚು. ಅಡ್ಡ ಪೈಪಿನ ಮೇಲೆ 4 ಸೆಂ.ಮೀ. ಬಿಡುವು ಸಿಗುತ್ತದೆ.’ ಎರಡು ಸೈಜಿನ ಗಡಿಯಲ್ಲಿ ಬಂದವರಿಗೆ ಅದನ್ನು ಮುಚ್ಚಿಡದೆ ಹೇಳಿ: ಚಿಕ್ಕದು ತಿರುಗಿಸಲು ಹಗುರ, ದೊಡ್ಡದರಲ್ಲಿ ಹ್ಯಾಂಡಲ್ ದೂರವಾಗುತ್ತದೆ, ಬೆನ್ನು ಹೆಚ್ಚು ಬಾಗುತ್ತದೆ. ಜರ್ಮನಿಯ ಕೊಬ್ಲೆನ್ಸ್‌ನ ಕ್ಯಾನ್ಯನ್ ಕಂಪನಿ ಸೈಕಲ್‌ಗಳನ್ನು ಮುಖ್ಯವಾಗಿ ವೆಬ್‌ಸೈಟಿನಿಂದ ನೇರವಾಗಿ ಮಾರುತ್ತದೆ. ಅಲ್ಲೂ ಸೈಜು ಹೇಳುವ ಸಲಕರಣೆ ಕೇಳುವುದು ಎತ್ತರ ಮತ್ತು ಕಾಲಿನ ಒಳ ಅಳತೆಯನ್ನೇ.

ಹ್ಯಾಂಡಲ್ ಎಷ್ಟು ದೂರ, ಎಷ್ಟು ಎತ್ತರ ಎಂಬುದಕ್ಕೆ ರೀಚ್ ಮತ್ತು ಸ್ಟ್ಯಾಕ್ ಎಂಬ ಎರಡು ಅಳತೆಗಳಿವೆ. ಎರಡು ಪೆಡಲುಗಳ ನಡುವೆ ಫ್ರೇಮಿನಲ್ಲಿರುವ ಬಿಬಿಯಿಂದ (ಬಾಟಮ್ ಬ್ರಾಕೆಟ್) ನೇರ ಮೇಲಕ್ಕೆ ಎಳೆದ ಗೆರೆಯಿಂದ, ಹ್ಯಾಂಡಲ್ ಕೆಳಗಿನ ಪೈಪಾದ ಹೆಡ್ ಟ್ಯೂಬಿನ ಮೇಲ್ತುದಿಯವರೆಗಿನ ಅಡ್ಡ ದೂರ ರೀಚ್, ಬಿಬಿಯಿಂದ ಅದೇ ತುದಿಯವರೆಗಿನ ಎತ್ತರ ಸ್ಟ್ಯಾಕ್. ಫ್ರೇಮನ್ನು ನೀವೇ ವೆಲ್ಡ್ ಮಾಡುವುದರಿಂದ, ಪೈಪುಗಳನ್ನು ಹಿಡಿದಿಡುವ ಜಿಗ್‌ನ ರೇಖಾಚಿತ್ರದಲ್ಲಿ ಈ ಅಂಕಿಗಳು ನಿಮ್ಮ ಬಳಿ ಇದ್ದೇ ಇರುತ್ತವೆ. ಪೂರ್ತಿ ಪಟ್ಟಿಯಲ್ಲಿ ಕೊಡಿ. ಹಳೆಯ ಸೈಕಲ್ಲಿನ ಜೊತೆ ಹೋಲಿಸಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಮಕ್ಕಳ ಸೈಕಲ್ಲಿಗೆ ವಯಸ್ಸಿನ ಕೋಷ್ಟಕ ಇನ್ನೂ ಅಪಾಯಕಾರಿ. ‘7ರಿಂದ 9 ವರ್ಷ’ ಎಂದು ಬರೆದರೆ ತಂದೆತಾಯಿ ಒಂದು ಸೈಜು ಮೇಲಿನದನ್ನೇ ಒಯ್ಯುತ್ತಾರೆ, ಮಗು ಬೆಳೆಯುತ್ತದಲ್ಲ ಎಂದು. ಕಾಲು ನೆಲಕ್ಕೆ ಎಟುಕದ ಸೈಕಲ್ಲಿನಲ್ಲಿ ಮಗು ಬಿದ್ದು, ಆಮೇಲೆ ಅದನ್ನು ಮುಟ್ಟುವುದೇ ಇಲ್ಲ. ಸೀಟನ್ನು ಪೂರ್ತಿ ಇಳಿಸಿದಾಗ ನೆಲದಿಂದ ಎಷ್ಟು ಎತ್ತರ, ಸೀಟು ಹೊತ್ತ ಪೈಪಿನ (ಸೀಟ್‌ಪೋಸ್ಟ್) ಮೇಲಿನ ಗುರುತಿನವರೆಗೆ ಏರಿಸಿದಾಗ ಎಷ್ಟು ಎಂಬ ಎರಡು ಅಂಕಿಗಳನ್ನು ಹಾಕಿ. ಕಲಿಯುವ ಮಗುವಿಗೆ ಇಳಿಸಿದ ಸೀಟಿನ ಎತ್ತರ ಅದರ ಕಾಲಿನ ಒಳ ಅಳತೆಗಿಂತ ಹೆಚ್ಚಿರಬಾರದು, ಎರಡೂ ಅಂಗಾಲು ನೆಲ ಮುಟ್ಟಬೇಕು. ಆಗಲೇ ಓಡಿಸಲು ಬರುವ ಮಗುವಿಗೆ ಅದಕ್ಕಿಂತ ಐದಾರು ಸೆಂ.ಮೀ. ಮೇಲಿದ್ದರೂ ನಡೆಯುತ್ತದೆ. ಏರಿಸಿದ ಎತ್ತರದ ಅಂಕಿ ನೋಡಿದರೆ ಈ ಸೈಕಲ್ ಇನ್ನೆಷ್ಟು ಬೆಳವಣಿಗೆಗೆ ಆಗುತ್ತದೆಂಬುದು ತಂದೆತಾಯಿಗೆ ತಾನಾಗಿಯೇ ತಿಳಿಯುತ್ತದೆ.

ಫೋಟೊ

ಬೆಟ್ಟದ ವಿಡಿಯೊದಲ್ಲಿ ಕಾಣುವುದು ಬೆಟ್ಟ. ಕೊಳ್ಳುವವರಿಗೆ ಬೇಕಾದದ್ದು ಸೈಕಲ್ಲಿನ ಪಕ್ಕದ ನೋಟ, ಚೈನ್ ಇರುವ ಬಲಗಡೆಯಿಂದ. ಆರೂ ಮಾದರಿಗಳನ್ನು ಒಂದೇ ದೂರ, ಒಂದೇ ಎತ್ತರ, ಒಂದೇ ತಿಳಿ ಬೂದು ಹಿನ್ನೆಲೆಯಲ್ಲಿ ತೆಗೆಯಿರಿ. ಆಗ ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕ್ಯಾಮೆರಾ ಸೈಕಲ್ಲಿನ ನಡುಮಟ್ಟದಲ್ಲಿರಲಿ, ಐದಾರು ಮೀಟರ್ ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಹತ್ತಿರ ನಿಂತು ಫೋನಿನ ಅಗಲ ಲೆನ್ಸಿನಲ್ಲಿ ತೆಗೆದರೆ ಚಕ್ರಗಳು ಮೊಟ್ಟೆಯಾಕಾರವಾಗುತ್ತವೆ, ಫ್ರೇಮ್ ಸೊಟ್ಟಗೆ ಕಾಣುತ್ತದೆ. ಎರಡೂ ವಾಲ್ವುಗಳು ಕೆಳಗೆ, ಪೆಡಲ್ ಹೊತ್ತ ಬಲ ಕ್ರ್ಯಾಂಕು ಮುಂದಕ್ಕೆ ಮಟ್ಟಸವಾಗಿ, ಚೈನು ಬಿಗಿಯಾಗಿ ಇರಲಿ. ಸೈಕಲ್ ಬಲ್ಲವರು ಇವನ್ನು ಗಮನಿಸುತ್ತಾರೆ, ಅಸೆಂಬ್ಲಿಯ ಅಚ್ಚುಕಟ್ಟನ್ನು ಇದರಿಂದಲೇ ಅಳೆಯುತ್ತಾರೆ.

ಪೆಟ್ಟಿಗೆಯಲ್ಲಿ ಏನೇನು ಬರುತ್ತದೋ ಅಷ್ಟೇ ಫೋಟೊದಲ್ಲಿರಲಿ. ಮಡ್‌ಗಾರ್ಡು, ಸ್ಟ್ಯಾಂಡು, ಬೆಲ್ಲು, ರಿಫ್ಲೆಕ್ಟರು ಕೊಡುತ್ತೀರಾದರೆ ಹಾಕಿಯೇ ತೆಗೆಯಿರಿ, ಅಂದಕ್ಕಾಗಿ ಬಿಚ್ಚಬೇಡಿ. ಕ್ಯಾರಿಯರ್ ಬೇರೆ ದುಡ್ಡಿಗಾದರೆ ಅದನ್ನು ಹಾಕಿದ ಫೋಟೊ ಬೇರೆ ಇರಲಿ. ಆಮೇಲೆ ಹತ್ತಿರದ ನೋಟಗಳು: ಹೆಡ್ ಟ್ಯೂಬಿನ ವೆಲ್ಡು, ಹಿಂಚಕ್ರ ಕೂರುವ ಡ್ರಾಪ್‌ಔಟು, ಬ್ರೇಕು, ಕೇಬಲ್ ಹೋಗುವ ದಾರಿ. ವೆಲ್ಡನ್ನು ತೋರಿಸಲು ಅಳುಕಬೇಡಿ. ಫ್ರೇಮನ್ನು ಹೊರಗಿಂದ ತಂದು ಸ್ಟಿಕರ್ ಅಂಟಿಸುವವರಿಗಿಂತ ನೀವು ಬೇರೆ ಎಂಬುದಕ್ಕೆ ಅದೇ ಸಾಕ್ಷಿ. ಲೇಡೀಸ್ ಸೈಕಲ್ಲಿಗೆ ಚೈನ್ ಕವರ್ ಪೂರ್ತಿಯೋ ಅರ್ಧವೋ, ದುಪಟ್ಟಾ ಸಿಕ್ಕದಂತೆ ಹಿಂಚಕ್ರಕ್ಕೆ ಬಲೆ ಇದೆಯೋ ಎಂಬುದು ಕಾಣುವ ಫೋಟೊ ಬೇಕೇ ಬೇಕು. ಕೊನೆಗೆ ಸೈಕಲ್ ಮೇಲೆ ಕೂತ ಒಬ್ಬರ ಚಿತ್ರ, ಕೆಳಗೆ ‘5 ಅಡಿ 4 ಇಂಚು, 16 ಇಂಚಿನ ಫ್ರೇಮ್’ ಎಂಬ ಬರಹ. ಇದೊಂದು ಚಿತ್ರ ಎಷ್ಟೋ ಕರೆಗಳನ್ನು ಉಳಿಸುತ್ತದೆ.

ವಿವರಗಳ ಪಟ್ಟಿ: ಮೆಕ್ಯಾನಿಕ್ ಕೂಡ ಓದುತ್ತಾನೆ

‘26 ಇಂಚಿನ ಟೈರು’ ಎಂದಷ್ಟೇ ಬರೆದರೆ ತಾಲ್ಲೂಕಿನ ಅಂಗಡಿಯಲ್ಲಿ ತಪ್ಪು ಟೈರು ಕೈಗೆ ಬರುತ್ತದೆ. 26 × 1.75 ಕೂರುವುದು 559 ಮಿ.ಮೀ. ರಿಮ್ಮಿಗೆ, 26 × 1 3/8 ಕೂರುವುದು 590ಕ್ಕೆ. ಹೆಸರು ಒಂದೇ, ಒಂದಕ್ಕೆ ಇನ್ನೊಂದು ಆಗುವುದಿಲ್ಲ. ಅತ್ತ 700ಸಿ ಮತ್ತು 29 ಇಂಚು ಹೆಸರು ಬೇರೆಯಾದರೂ ರಿಮ್ಮು ಎರಡಕ್ಕೂ 622. ಮಕ್ಕಳ 20 ಇಂಚಿನಲ್ಲೂ 406 ಮತ್ತು 451 ಎಂಬ ಎರಡು ಬಗೆ ಇವೆ. ಟೈರಿನ ಪಕ್ಕದಲ್ಲಿ 47-559 ಎಂಬಂಥ ಸಂಖ್ಯೆ ಒತ್ತಿರುತ್ತದೆ, ಮೊದಲಿನದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಅದನ್ನೇ ಪಟ್ಟಿಗೆ ಹಾಕಿ, ಜೊತೆಗೆ ವಾಲ್ವು ಯಾವ ಬಗೆ ಎಂಬುದನ್ನೂ. ಇದೇ ರೀತಿ ಸೀಟ್‌ಪೋಸ್ಟಿನ ದಪ್ಪ 27.2 ಮಿ.ಮೀ.ಯೋ 31.6ಓ, ಹಿಂದಿನ ಹಬ್ಬಿನ ಅಗಲ 135 ಮಿ.ಮೀ.ಯೋ ಬೇರೆಯೋ, ಹಿಂದಿನ ಗೇರು ಚಕ್ರಗಳು ಫ್ರೀವೀಲೋ ಕ್ಯಾಸೆಟ್ಟೋ, ಡಿಸ್ಕ್ ರೋಟರ್ 160 ಮಿ.ಮೀ.ಯೋ, ಇನ್ನೂ ದಪ್ಪ ಟೈರು ಹಾಕಲು ಜಾಗ ಎಷ್ಟಿದೆ, ಕ್ಯಾರಿಯರ್ ಕೂರಿಸಲು ತೂತುಗಳಿವೆಯೋ ಎಂಬುದು ಬೇಕು. ‘21 ಸ್ಪೀಡ್’ ಎಂದು ದೊಡ್ಡದಾಗಿ ಬರೆದು ಹಲ್ಲುಗಳ ಸಂಖ್ಯೆ ಬಿಡುವುದು ಸಾಮಾನ್ಯ. ಚಡಾವು ಹತ್ತುವುದು ಸಲೀಸೋ ಇಲ್ಲವೋ ಎಂದು ಹೇಳುವುದು ಮುಂದಿನ ಚಿಕ್ಕ ಚಕ್ರದ ಮತ್ತು ಹಿಂದಿನ ದೊಡ್ಡ ಚಕ್ರದ ಹಲ್ಲುಗಳು, ಸ್ಪೀಡಿನ ಸಂಖ್ಯೆಯಲ್ಲ.

ತೂಕ ಬರೆಯುವಾಗ ಯಾವ ಸೈಜಿನದು, ಪೆಡಲ್ ಮತ್ತು ಸ್ಟ್ಯಾಂಡ್ ಸೇರಿದೆಯೋ ಎಂಬುದನ್ನು ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಸವಾರನ ಗರಿಷ್ಠ ತೂಕ, ಕ್ಯಾರಿಯರ್ ಹೊರುವ ತೂಕ ಎರಡನ್ನೂ ಬೇರೆ ಬೇರೆ ಕೊಡಿ. ಪ್ರತಿ ಸೈಕಲ್ಲಿಗೂ ಕೊಳ್ಳುವವರ ಮನಸ್ಸು ನಿರ್ಧರಿಸುವ ಒಂದು ಸಂಖ್ಯೆ ಇರುತ್ತದೆ. ಮಡಚುವ ಸೈಕಲ್ ಮಾಡುವ ಲಂಡನ್ನಿನ ಬ್ರಾಂಪ್ಟನ್‌ಗೆ ಅದು ಮಡಚಿದಾಗಿನ ಅಳತೆ, 645 × 585 × 270 ಮಿ.ಮೀ.; ರೈಲಿನಲ್ಲಿ ಒಯ್ಯುವವರು ಮೊದಲು ಕೇಳುವುದು ಅದನ್ನೇ. ನಿಮ್ಮ ಮಕ್ಕಳ ಸೈಕಲ್ಲಿಗೆ ಅದು ಇಳಿಸಿದ ಸೀಟಿನ ಎತ್ತರ. ಅದನ್ನು ಪಟ್ಟಿಯ ತಳದಲ್ಲಿ ಹೂಳದೆ ಬೆಲೆಯ ಪಕ್ಕದಲ್ಲೇ ಇಡಿ.

ಕೊಂಡ ಮೇಲಿನ ಪುಟಗಳು

ಆನ್‌ಲೈನ್‌ನಲ್ಲಿ ಕೊಂಡ ಸೈಕಲ್ ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಬರುತ್ತದೆ. ಮುಂಚಕ್ರ, ಹ್ಯಾಂಡಲ್, ಸೀಟು, ಪೆಡಲ್ ಹಾಕುವುದು ಮನೆಯವರ ಪಾಲಿಗೆ. ಇಲ್ಲಿ ಆಗುವ ತಪ್ಪುಗಳು ಯಾವಾಗಲೂ ಅವವೇ. ಎಡ ಪೆಡಲಿನ ಮರೆ (ಥ್ರೆಡ್) ತಿರುಗಾಮುರುಗ ಎಂದು ತಿಳಿಯದೆ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಮರೆ ಸವೆದು ಹೋಗುತ್ತದೆ. ಮುಂಚಕ್ರ ಹಿಡಿಯುವ ಫೋರ್ಕನ್ನು ಹಿಂದುಮುಂದಾಗಿ ಬಿಟ್ಟು ಚಕ್ರ ಹಾಕುವವರಿದ್ದಾರೆ. ಡಿಸ್ಕ್ ಇರುವ ಸೈಕಲ್ಲಿನಲ್ಲಿ ಮುಂದಿನ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಸವಾರನ ಎಡಗಡೆ, ಫೋರ್ಕಿನ ಹಿಂದೆ ಬರಬೇಕು ಎಂಬ ಒಂದು ವಾಕ್ಯ ಇದನ್ನು ತಪ್ಪಿಸುತ್ತದೆ. ಯಾವ ಸ್ಪ್ಯಾನರ್ ಬೇಕು (ಪೆಡಲಿಗೆ 15 ಮಿ.ಮೀ., ಉಳಿದದ್ದಕ್ಕೆ ಸಾಮಾನ್ಯವಾಗಿ 4, 5, 6ರ ಅಲೆನ್ ಕೀ), ಎಷ್ಟು ಬಿಗಿ, ಸೀಟ್‌ಪೋಸ್ಟಿನ ಯಾವ ಗುರುತಿಗಿಂತ ಮೇಲೆ ಎತ್ತಬಾರದು ಎಂಬುದನ್ನು ಹಂತಹಂತವಾಗಿ ಫೋಟೊ ಹಾಕಿ ಬರೆಯಿರಿ. ವಿಡಿಯೊಗೆ ಖರ್ಚು ಮಾಡಲೇಬೇಕೆಂದಿದ್ದರೆ ಇಲ್ಲಿ ಮಾಡಿ: ಪ್ರತಿ ಹಂತಕ್ಕೆ ಒಂದು, ಒಂದು ನಿಮಿಷಕ್ಕಿಂತ ಉದ್ದ ಬೇಡ, ಮಾತು ಕನ್ನಡದಲ್ಲಿರಲಿ. ಆ ಪುಟದ ಕ್ಯೂಆರ್ ಕೋಡನ್ನು ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿ.

ಬಿಡಿಭಾಗದ ಪುಟಕ್ಕೆ, ಗೇರು–ಬ್ರೇಕು ತಯಾರಿಸುವ ಶಿಮಾನೊ ಕಂಪನಿಯ ತಾಂತ್ರಿಕ ದಾಖಲೆಗಳನ್ನು ನೋಡಿ ಕಲಿಯಬಹುದು. ಪ್ರತಿ ಭಾಗವನ್ನೂ ಬಿಡಿಸಿಟ್ಟ ಚಿತ್ರ, ಅದರ ಪಕ್ಕ ಪಾರ್ಟ್ ನಂಬರ್. ನಿಮಗೆ ಅಷ್ಟು ಬೇಡ, ಆದರೆ ಡಿರೇಲರ್ ಹ್ಯಾಂಗರ್ ಅಂತೂ ಬೇಕು. ಗೇರನ್ನು ಹಿಡಿದಿರುವ ಆ ಸಣ್ಣ ಅಲ್ಯುಮಿನಿಯಂ ತುಂಡು ಫ್ರೇಮಿನಿಂದ ಫ್ರೇಮಿಗೆ ಬೇರೆ, ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ, ಹೊರಗಿನ ಅಂಗಡಿಯಲ್ಲಿ ನಿಮ್ಮದು ಸಿಗುವುದಿಲ್ಲ. ನಿಂತುಹೋದ ಮಾದರಿಗಳ ಪುಟಗಳನ್ನೂ ಅಳಿಸಬೇಡಿ. ‘ಈಗ ತಯಾರಾಗುತ್ತಿಲ್ಲ, ಬಿಡಿಭಾಗ ಇಲ್ಲಿವೆ’ ಎಂದು ಬರೆದು ಉಳಿಸಿ. ಹಳೆಯ ಸೈಕಲ್ಲಿಗೆ ಪಾರ್ಟು ಸಿಗುತ್ತದೆ ಎಂದು ಕಂಡವರು ಹೊಸದನ್ನು ಧೈರ್ಯವಾಗಿ ಕೊಳ್ಳುತ್ತಾರೆ. ವಾರಂಟಿಯಲ್ಲಿ ಏನು ಸೇರಿಲ್ಲ ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಫ್ರೇಮ್ ನಂಬರ್ ಎಲ್ಲಿ ಒತ್ತಿದೆ ಎಂಬುದಕ್ಕೆ ಫೋಟೊ ಕೊಡಿ.

ಹಾಸನದವರ ಪ್ರಶ್ನೆಗೆ ಉತ್ತರ ಡೀಲರ್ ಪುಟ. ಬರೀ ನಕ್ಷೆ ಹಾಕಿದರೆ ಫೋನಿನಲ್ಲಿ ಬೆರಳಿಗೆ ಕಿರಿಕಿರಿ. ಪಿನ್‌ಕೋಡ್ ಹಾಕಿದರೆ ಹತ್ತಿರದ ಅಂಗಡಿಗಳು ಬರಲಿ, ಕೆಳಗೆ ಜಿಲ್ಲಾವಾರು ಪಟ್ಟಿಯೂ ಇರಲಿ. ಫೋನ್ ನಂಬರ್, ವಾರದ ರಜೆ, ಮಾರಾಟ ಮಾತ್ರವೋ ರಿಪೇರಿಯೂ ಉಂಟೋ, ಯಾವ ಮಾದರಿ ಇಟ್ಟಿದ್ದಾರೆ ಎಂಬುದು ಬೇಕು. ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಲು ಆಗದಿದ್ದರೆ ಈ ಪುಟವೇ ಬೇಡ. ಮುಚ್ಚಿದ ಅಂಗಡಿಗೆ ಒಮ್ಮೆ ಬಸ್ಸಿನಲ್ಲಿ ಹೋಗಿಬಂದವರು ನಿಮ್ಮನ್ನು ಇನ್ನು ನಂಬುವುದಿಲ್ಲ.

ವೇಗ ಮತ್ತು ಓದಿಸಿಕೊಳ್ಳುವಿಕೆ

ಮೊದಲ ಪುಟದಿಂದಲೇ ಜನ ಹೋಗಲು ಇನ್ನೊಂದು ಕಾರಣ ಆ ವಿಡಿಯೊದ ಭಾರ ಎಂದು ನನ್ನ ಗಟ್ಟಿ ಅನುಮಾನ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ವಿಳಾಸ ಹಾಕಿ, ದುಡ್ಡು ಕೊಡಬೇಕಿಲ್ಲ. ಸಾಕಷ್ಟು ಜನ ಬರುವ ಸೈಟಾದರೆ ಕಳೆದ 28 ದಿನಗಳ ನಿಜವಾದ ಬಳಕೆದಾರರ ಅಂಕಿಗಳೂ ಸಿಗುತ್ತವೆ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು, ಗುಂಡಿ ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು, ಓದುತ್ತಿರುವಾಗ ಸಾಲುಗಳು ಜಿಗಿಯಬಾರದು. ವಿಡಿಯೊ ತೆಗೆದು ಆ ಜಾಗಕ್ಕೆ ಒಂದು ಫೋಟೊ ಹಾಕಿ: 1200 ಪಿಕ್ಸೆಲ್ ಅಗಲ, ವೆಬ್‌ಪಿ ಎಂಬ ಹಗುರ ಚಿತ್ರರೂಪ, 150 ಕಿಲೊಬೈಟಿನೊಳಗೆ. ಕೆಳಗಿನ ಚಿತ್ರಗಳು ಸ್ಕ್ರೋಲ್ ಮಾಡಿದಾಗ ಮಾತ್ರ ಇಳಿಯಲಿ. ಮೊದಲ ಚಿತ್ರಕ್ಕೆ ಮಾತ್ರ ಈ ತಡೆ ಹಾಕಬಾರದು, ಹಲವು ರೆಡಿಮೇಡ್ ಥೀಮುಗಳು ಅದಕ್ಕೂ ಹಾಕಿ ಕೆಡಿಸುತ್ತವೆ. ಪ್ರತಿ ಚಿತ್ರಕ್ಕೂ ಉದ್ದ–ಅಗಲ ಮೊದಲೇ ಕೋಡಿನಲ್ಲಿ ಬರೆದರೆ ಸಾಲು ಜಿಗಿಯುವುದು ನಿಲ್ಲುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳಲಾರೆ, ನಿಮ್ಮ ಸೈಕಲ್ಲಿನ ಬಣ್ಣವೇ ಸಾಕು. ಒಂದು ಮಾತು ಮಾತ್ರ: ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ಬಿಸಿಲಲ್ಲಿ ನಿಂತು ಫೋನ್ ನೋಡುವವರೇ ನಿಮ್ಮ ಗ್ರಾಹಕರು.

ಕನ್ನಡ ಪುಟ ಮಾಡಿ, ಆದರೆ ಎಲ್ಲವನ್ನೂ ಯಂತ್ರಾನುವಾದಕ್ಕೆ ಒಪ್ಪಿಸಬೇಡಿ. ಸೈಜು, ಜೋಡಣೆ, ವಾರಂಟಿ ಈ ಮೂರು ಪುಟಗಳನ್ನು ಮೊದಲು ಕೈಯಿಂದ ಬರೆಯಿಸಿ. ಪಠ್ಯ ಯೂನಿಕೋಡ್‌ನಲ್ಲೇ ಇರಬೇಕು. ಮುದ್ರಣದ ಕ್ಯಾಟಲಾಗಿಗೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ ಗ್ರಾಹಕರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಹುಡುಕಾಟದಲ್ಲೂ ಸಿಗುವುದಿಲ್ಲ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಅಂತರ ಕೊಡಿ, ಅಕ್ಷರಗಳ ನಡುವೆ ಹೆಚ್ಚುವರಿ ಜಾಗ ಮಾತ್ರ ಕೊಡಬೇಡಿ.

ಇನ್ನು ಆಯ್ಕೆಗಳು

ಈಗಿರುವ ಸೈಟನ್ನೇ ರಿಪೇರಿ ಮಾಡುವುದು ಮೊದಲನೆಯದು: ವಿಡಿಯೊ ತೆಗೆಯುವುದು, ಬೆಲೆ, ಸೈಜು, ಫೋಟೊ, ಜೋಡಣೆಯ ಪುಟ ಸೇರಿಸುವುದು. ಖರ್ಚು ಕಡಿಮೆ, ಹೆಚ್ಚಿನ ಕೆಲಸ ನಿಮ್ಮವರದೇ, ಅಳೆಯುವುದು ಮತ್ತು ಫೋಟೊ ತೆಗೆಯುವುದು. ಏಜೆನ್ಸಿ ಬರೆದ ಕೋಡು ಗೋಜಲಾಗಿದ್ದರೆ ಪ್ರತಿ ಬದಲಾವಣೆಗೂ ಅವರನ್ನೇ ಕಾಯಬೇಕಾಗುವುದು ಇದರ ತೊಡಕು. ಎರಡನೆಯದು ಶಾಪಿಫೈ, ವೂಕಾಮರ್ಸ್‌ನಂಥ ಆನ್‌ಲೈನ್ ಅಂಗಡಿಯ ಸಿದ್ಧ ವೇದಿಕೆಗೆ ಹೋಗುವುದು. ಬೆಲೆ, ಸ್ಟಾಕು ನೀವೇ ಬದಲಿಸಬಹುದು, ಯುಪಿಐ ಪಾವತಿ ಸುಲಭ. ಆದರೆ ಶಾಪಿಫೈಗೆ ತಿಂಗಳ ಬಾಡಿಗೆ ನಿಲ್ಲುವುದಿಲ್ಲ, ವೂಕಾಮರ್ಸ್‌ಗೆ ಪ್ಲಗಿನ್‌ಗಳನ್ನು ನವೀಕರಿಸುತ್ತಲೇ ಇರಬೇಕು, ಬಿಟ್ಟರೆ ಸೈಟು ಹ್ಯಾಕ್ ಆಗಬಹುದು. ಮೂರನೆಯದು ತ್ರೀಡಿ. ನಾಲ್ಕು ಸೈಜು, ಐದು ಬಣ್ಣ, ಮೂರು ಹ್ಯಾಂಡಲ್, ಎರಡು ಬಗೆಯ ಸೀಟು ಎಂದರೆ 120 ಬಗೆ ಸೈಕಲ್. ಪರದೆಯ ಮೇಲೆ ಅಷ್ಟನ್ನೂ ತೋರಿಸಬಹುದು. ಪೀಣ್ಯದ ನಿಮ್ಮ ಪೇಂಟ್ ಬೂತು ಒಂದೊಂದೇ ಬಣ್ಣವನ್ನು ಒಂದೊಂದೇ ಸೈಕಲ್ಲಿಗೆ ಹಾಕಿ ಹೇಳಿದ ದಿನಕ್ಕೆ ಕೊಡಬಲ್ಲದೆ? ಕೊಡಬಲ್ಲದಾದರೆ ಆಗ ಯೋಚಿಸೋಣ. ಆ್ಯಪ್ ವಿಷಯಕ್ಕೆ ಬಂದರೆ, ಹಲವು ವರ್ಷಕ್ಕೊಮ್ಮೆ ಕೊಳ್ಳುವ ವಸ್ತುವಿಗಾಗಿ ಯಾರೂ ಫೋನಿನಲ್ಲಿ ಜಾಗ ಕೊಡುವುದಿಲ್ಲ.

ನನ್ನ ಸಲಹೆ ಮೊದಲನೆಯದು. ಪುಟಗಳು ಸಿದ್ಧವಾದ ಮೇಲೆ ಸೈಕಲ್ ವ್ಯಾಪಾರ ಗೊತ್ತಿಲ್ಲದ ಐದು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು, ಮಾಮೂಲಿ ಆಂಡ್ರಾಯ್ಡ್ ಫೋನ್ ಕೊಟ್ಟು, ‘ನಿಮ್ಮ ಮಗುವಿಗೆ ಒಂದು ಸೈಕಲ್ ಆರಿಸಿ’ ಎಂದು ಹೇಳಿ ಸುಮ್ಮನೆ ಕೂತು ನೋಡಿ. ಸಹಾಯ ಮಾಡಬೇಡಿ. ಇಬ್ಬರು ಒಂದೇ ಕಡೆ ತಡವರಿಸಿದರೆ ಅಲ್ಲಿ ತಪ್ಪು ಸೈಟಿನದು.

ಆನ್‌ಲೈನ್‌ನಲ್ಲಿ ಮಾರುತ್ತೀರಾದ್ದರಿಂದ ಕಾನೂನಿನದೂ ಒಂದೆರಡು ಮಾತು. 2020ರ ಗ್ರಾಹಕ ಸಂರಕ್ಷಣೆ (ಇ–ವಾಣಿಜ್ಯ) ನಿಯಮಗಳ ಪ್ರಕಾರ ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ದೂರು ಅಧಿಕಾರಿಯ ಹೆಸರು ಮತ್ತು ಸಂಪರ್ಕ ಸೈಟಿನಲ್ಲಿ ಎದ್ದು ಕಾಣಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ವಿಮೆ ಅಥವಾ ಬೆಲ್ಲು ಬುಟ್ಟಿಗೆ ಸೇರಿಸುವುದು, ಸಾಗಣೆ ಖರ್ಚನ್ನು ಕೊನೆಯ ಪುಟದಲ್ಲಿ ತೋರಿಸುವುದು 2023ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಹೆಸರಿಸಿರುವ 13 ಬಗೆಗಳ ಸಾಲಿಗೆ ಬರುತ್ತವೆ. ಏಜೆನ್ಸಿ ತಂದ ಥೀಮಿನಲ್ಲಿ ಇಂಥವು ತಾವಾಗಿಯೇ ಚಾಲೂ ಆಗಿರಬಹುದು, ಹುಡುಕಿ ತೆಗೆಸಿ.

ಏಜೆನ್ಸಿ ಬದಲಿಸುವ ಯೋಚನೆ ಇದ್ದರೆ ಅದಕ್ಕೂ ಮೊದಲು ಡೊಮೈನ್ ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆ ನೋಡಿ. ಅವರ ಖಾತೆಯಲ್ಲಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಪುಟಗಳ ವಿಳಾಸ ಬದಲಾದರೆ ಪ್ರತಿ ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿ ಕರೆದೊಯ್ಯುವ ‘301’ ಎಂಬ ಶಾಶ್ವತ ಮರುನಿರ್ದೇಶನ ಹಾಕಿಸಿ, ಇಲ್ಲವಾದರೆ ಈ ಎರಡು ವರ್ಷದಲ್ಲಿ ಗೂಗಲ್‌ನಲ್ಲಿ ಸಿಕ್ಕ ಜಾಗ ಹೋಗುತ್ತದೆ. ಈ ಬದಲಾವಣೆಯನ್ನು ಏಪ್ರಿಲ್–ಮೇ ರಜೆಯಲ್ಲಾಗಲಿ ಶಾಲೆ ಶುರುವಾಗುವ ಜೂನ್‌ನಲ್ಲಾಗಲಿ ಇಟ್ಟುಕೊಳ್ಳಬೇಡಿ. ಮಕ್ಕಳ ಸೈಕಲ್ ಹುಡುಕುವವರು ಹೆಚ್ಚಾಗಿ ಬರುವುದು ಆಗ. ಮಳೆಗಾಲದ ನಡುವೆ, ದಸರಾ ವ್ಯಾಪಾರಕ್ಕೆ ಮುಂಚೆ ಮುಗಿಸಿ.